ಕಡತದಲ್ಲಿ ಸಿಕ್ಕಿದ್ದು, ನೆನಪಿನಲ್ಲಿ ಉಳಿದದ್ದು: 2025ರ ಮೂರು ಪುಸ್ತಕಗಳು

2025ರಲ್ಲಿ ಇಂಗ್ಲಿಷಿನಲ್ಲಿ ಬಂದ ಕಥೇತರ ಪುಸ್ತಕಗಳ ಪೈಕಿ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕೆಂದು ನನಗೆ ಬಲವಾಗಿ ಅನ್ನಿಸಿದೆ. ಶ್ರೀನಾಥ್ ರಾಘವನ್ ಅವರ 'ಇಂದಿರಾ ಗಾಂಧಿ ಅಂಡ್ ದಿ ಇಯರ್ಸ್ ದಟ್ ಟ್ರಾನ್ಸ್‌ಫಾರ್ಮ್ಡ್ ಇಂಡಿಯಾ' ರಾಜಕೀಯ ಇತಿಹಾಸ. ಅರುಂಧತಿ ರಾಯ್ ಅವರ 'ಮದರ್ ಮೇರಿ ಕಮ್ಸ್ ಟು ಮಿ' ತಾಯಿಯನ್ನು ಕುರಿತ ಆತ್ಮಕಥನ. ಸ್ಯಾಮ್ ಡಾಲ್ರಿಂಪಲ್ ಅವರ 'ಶ್ಯಾಟರ್ಡ್ ಲ್ಯಾಂಡ್ಸ್' ಬ್ರಿಟಿಷರ ಭಾರತ ಸಾಮ್ರಾಜ್ಯ ಹೇಗೆ ಹಲವು ದೇಶಗಳಾಗಿ ಒಡೆಯಿತು ಎಂಬುದರ ಕಥನ. ಮೂವರೂ ಹೆಚ್ಚುಕಡಿಮೆ ಒಂದೇ ಉಪಖಂಡದ, ಒಂದಕ್ಕೊಂದು ತಾಗಿಕೊಂಡ ಕಾಲದ ಬಗ್ಗೆ ಬರೆದಿದ್ದಾರೆ. ಆದರೆ ಒಬ್ಬರು ಸರ್ಕಾರದ ಕಡತಗಳನ್ನು ನಂಬುತ್ತಾರೆ, ಒಬ್ಬರು ತಮ್ಮ ನೆನಪನ್ನು ನಂಬುತ್ತಾರೆ, ಇನ್ನೊಬ್ಬರು ಬೇರೆಯವರ ನೆನಪುಗಳನ್ನು ಕೇಳಿ ಸಂಗ್ರಹಿಸುತ್ತಾರೆ. ಒಂದನ್ನು ಓದುವಾಗ ಕಾಡಿದ ಕೊರತೆಯನ್ನು ಮತ್ತೊಂದು ತುಂಬಿಕೊಡುತ್ತದೆ ಎಂಬುದು ನನ್ನ ಅನುಭವ, ಮತ್ತು ಈ ಬರಹದಲ್ಲಿ ನಾನು ತೋರಿಸಬೇಕೆಂದಿರುವುದೂ ಅದನ್ನೇ.

ರಾಘವನ್ ಸೇನಾಧಿಕಾರಿಯಾಗಿದ್ದು ಅನಂತರ ಇತಿಹಾಸಕಾರರಾದವರು. ಅವರ ಈ ಪುಸ್ತಕ ಇಂದಿರಾ ಗಾಂಧಿಯವರ ಜೀವನಚರಿತ್ರೆಯಲ್ಲ. ಅವರ ಬಾಲ್ಯ, ದಾಂಪತ್ಯ, ಸ್ವಭಾವಗಳ ಚರ್ಚೆ ಇಲ್ಲಿ ಬಹಳ ಕಡಿಮೆ. 1966ರ ಜನವರಿಯಲ್ಲಿ ಅವರು ಪ್ರಧಾನಿಯಾದಂದಿನಿಂದ 1984ರ ಅಕ್ಟೋಬರ್ 31ರ ಹತ್ಯೆಯವರೆಗಿನ ಅವಧಿಯನ್ನು ಲೇಖಕರು 'ದೀರ್ಘ ಎಪ್ಪತ್ತರ ದಶಕ' ಎಂಬಂತೆ ಒಂದೇ ಘಟಕವಾಗಿ ಪರಿಗಣಿಸುತ್ತಾರೆ. ಕಾಂಗ್ರೆಸ್ಸಿನ ಏಕಸ್ವಾಮ್ಯ 1967ರ ಚುನಾವಣೆಯಲ್ಲಿ ಕುಸಿಯತೊಡಗಿದ್ದು, ಬರ ಮತ್ತು ವಿದೇಶಿ ವಿನಿಮಯದ ಅಭಾವ, 1966ರ ರೂಪಾಯಿ ಅಪಮೌಲ್ಯ, 1973ರ ತೈಲ ಬೆಲೆಯ ಆಘಾತ, ಇವೆಲ್ಲ ಒಂದರ ಮೇಲೊಂದು ಬಂದೆರಗಿದಾಗ ಹಳೆಯ ರಾಜಕೀಯ ವ್ಯವಸ್ಥೆ ಸಾಯುತ್ತಿತ್ತು, ಹೊಸತು ಇನ್ನೂ ಹುಟ್ಟಿರಲಿಲ್ಲ. ಇಟಲಿಯ ಚಿಂತಕ ಗ್ರಾಮ್ಶಿಯಿಂದ 'ಸೀಸರ್‌ವಾದ' ಎಂಬ ಪರಿಕಲ್ಪನೆಯನ್ನು ಎರವಲು ಪಡೆದು ಅವರು ಈ ಸ್ಥಿತಿಯನ್ನು ವಿವರಿಸುತ್ತಾರೆ. ಎದುರಾಳಿ ಶಕ್ತಿಗಳಲ್ಲಿ ಯಾವುದೂ ಗೆಲ್ಲಲಾಗದ ಬಿಕ್ಕಟ್ಟಿನಲ್ಲಿ ಒಬ್ಬ ನಾಯಕ ಪಕ್ಷವನ್ನೂ ಸಂಸ್ಥೆಗಳನ್ನೂ ದಾಟಿ ನೇರವಾಗಿ ಜನರೊಡನೆ ಮಾತನಾಡತೊಡಗುತ್ತಾನೆ, ಮತ್ತು ಆ ನೇರ ಸಂಬಂಧದ ಬಲದಿಂದಲೇ ಸಂಸ್ಥೆಗಳನ್ನು ಬಗ್ಗಿಸುತ್ತಾನೆ ಎಂಬುದು ಅದರ ತಿರುಳು. ಇಂದಿರಾ ಅವರನ್ನು ದೇವಿಯನ್ನಾಗಿಯೋ ಸರ್ವಾಧಿಕಾರಿಯನ್ನಾಗಿಯೋ ಮಾತ್ರ ನೋಡಿ ಅಭ್ಯಾಸವಾಗಿರುವ ನಮಗೆ ಈ ಚೌಕಟ್ಟು ನಿಜಕ್ಕೂ ಉಪಯುಕ್ತವಾದದ್ದು.

ಇಂದಿರಾ ಅವರ ಆಪ್ತ ಸಲಹೆಗಾರರಾಗಿದ್ದ ಅಧಿಕಾರಿ ಪಿ.ಎನ್. ಹಕ್ಸರ್ ಅವರ ಕಾಗದಪತ್ರಗಳನ್ನು ಲೇಖಕರು ಬಳಸಿಕೊಂಡಿರುವ ರೀತಿಯಲ್ಲಿ ಪುಸ್ತಕದ ಬಲ ಎದ್ದುಕಾಣುತ್ತದೆ. ಪ್ರಧಾನಿಯ ಮೇಜಿನ ಮೇಲೆ ಯಾವ ದಿನ ಯಾವ ಟಿಪ್ಪಣಿ ಬಂದಿತು, ಮುಂದಿನ ವಾರ ಏನಾಯಿತು ಎಂಬುದನ್ನು ಅವರು ಅಕ್ಕಪಕ್ಕದಲ್ಲಿ ಇಡುತ್ತಾರೆ. 1969ರ ಜುಲೈಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತ್ತು. ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯಾಗಿ ಸಂಜೀವ ರೆಡ್ಡಿಯವರನ್ನು ಪಕ್ಷದ ಹಿರಿಯರ ಗುಂಪು ಅಲ್ಲಿ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಆರಿಸಿತು; ಅದೇ ಸಭೆಗೆ ಪ್ರಧಾನಿ ಆರ್ಥಿಕ ನೀತಿಯ ಟಿಪ್ಪಣಿಯೊಂದನ್ನು ಕಳುಹಿಸಿದ್ದರು. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು, ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಇದು ಕೇವಲ ಅಧಿಕಾರದ ಕಾಳಗವಾಗಿತ್ತು ಎಂದು ಹೇಳಿ ಮುಗಿಸುವುದು ಸುಲಭ, ಬಡವರ ಪರ ನಿರ್ಧಾರವಾಗಿತ್ತು ಎಂದು ಹೊಗಳುವುದೂ ಸುಲಭ. ರಾಘವನ್ ಎರಡನ್ನೂ ಮಾಡದೆ, ಪಕ್ಷದೊಳಗಿನ ಜಗಳದ ಆಯುಧವಾಗಿ ಹೊರಬಂದ ನೀತಿಯೊಂದು ಆಮೇಲೆ ತನ್ನದೇ ಪರಿಣಾಮಗಳನ್ನು ಹೇಗೆ ಬೆಳೆಸಿಕೊಂಡಿತು ಎಂಬುದನ್ನು ಹಿಂಬಾಲಿಸುತ್ತಾರೆ. ಆ ಪರಿಣಾಮಗಳನ್ನು ಕರಾವಳಿಯ ಓದುಗರು ಮನೆಯ ವಿಷಯವಾಗಿಯೇ ಬಲ್ಲರು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು 1980ರಲ್ಲಿ ಸರ್ಕಾರದವಾದವು. 2019 ಮತ್ತು 2020ರ ವಿಲೀನಗಳ ಬಳಿಕ ಈ ನಾಲ್ಕರಲ್ಲಿ ಕೆನರಾ ಎಂಬ ಹೆಸರೊಂದೇ ಉಳಿದಿದೆ.

ನ್ಯಾಯಾಂಗದೊಡನೆ ನಡೆದ ಸಂಘರ್ಷದ ಭಾಗವೂ ಅಷ್ಟೇ ಗಟ್ಟಿಯಾಗಿದೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ. ಮರುದಿನವೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಹಾಗೆ ಬದಿಗೊತ್ತಲ್ಪಟ್ಟು ರಾಜೀನಾಮೆ ಕೊಟ್ಟವರಲ್ಲಿ ನಮ್ಮವರೇ ಆದ ಕೆ.ಎಸ್. ಹೆಗ್ಡೆ ಒಬ್ಬರು. ಆದರೆ ನನಗೆ ಹೆಚ್ಚು ಹೊಸತೆನಿಸಿದ್ದು ಆರ್ಥಿಕ ಅಧ್ಯಾಯಗಳು. ಗೋಧಿಯ ಸಗಟು ವ್ಯಾಪಾರವನ್ನು ಸರ್ಕಾರ ವಹಿಸಿಕೊಂಡ 1973ರ ಪ್ರಯೋಗ ಸೋತ ಮೇಲೆ, ಬೆಲೆಯೇರಿಕೆ ತಡೆಯಲು 1974ರಲ್ಲಿ ನೌಕರರ ತುಟ್ಟಿಭತ್ಯೆಯನ್ನೂ ಕಡ್ಡಾಯ ಠೇವಣಿಗೆ ಸೇರಿಸಿದ ಕಠಿಣ ಕ್ರಮಗಳು ಬಂದ ಮೇಲೆ, ಆಡಳಿತ ನಿಧಾನವಾಗಿ ಉದ್ಯಮದ ಪರ ತಿರುಗಿತು ಎಂದು ಅವರು ವಾದಿಸುತ್ತಾರೆ. 1991ನ್ನೇ ಎಲ್ಲದರ ಆರಂಭವೆಂದು ಪಠ್ಯಪುಸ್ತಕಗಳಲ್ಲಿ ಓದಿದವರು ಈ ಪುಟಗಳ ಮೇಲೆ ತುಸು ಹೊತ್ತು ನಿಲ್ಲಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೂ ಪುಸ್ತಕದ ಮಿತಿಯನ್ನು ಹೇಳದೆ ಇರಲಾರೆ. ತುರ್ತು ಪರಿಸ್ಥಿತಿಯ 21 ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತ ತಿಂಗಳುಗಟ್ಟಲೆ ಕಳೆದು, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಸೆರೆಯಲ್ಲಿ ಅವರು ಬರೆದಿಟ್ಟ ದಿನಚರಿ ಉಳಿದಿದೆ. ಸೆರೆಮನೆಯ ರಾತ್ರಿಯೊಂದು ಎಷ್ಟು ಉದ್ದವಿತ್ತು ಎಂಬುದನ್ನು ಪ್ರಧಾನಿ ಕಾರ್ಯಾಲಯದ ಕಡತಗಳನ್ನು ಆಧರಿಸಿದ ಬರವಣಿಗೆ ಹೇಳಲಾರದು. ರಾಜ್ಯಗಳೂ ಇಲ್ಲಿ ದೂರದಿಂದಲೇ ಕಾಣುತ್ತವೆ. 'ಗರೀಬಿ ಹಟಾವೋ' ಘೋಷಣೆ ನೆಲದ ಮೇಲೆ ಏನಾಯಿತು ಎಂದು ಕೇಳುವ ಕನ್ನಡಿಗರಿಗೆ ಉತ್ತರ ದೊರೆಯುವುದು ದೇವರಾಜ ಅರಸರ 1974ರ ಭೂಸುಧಾರಣೆಯಲ್ಲಿ, ಹಿಂದುಳಿದ ವರ್ಗಗಳ ಹಾವನೂರು ಆಯೋಗದಲ್ಲಿ, ತಾಲ್ಲೂಕು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತ ಗೇಣಿದಾರರಲ್ಲಿ. ಇಂದಿರಾ 1978ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಮರಳಿದ್ದಕ್ಕೆ ಇದ್ದ ನೆಲೆಗಟ್ಟು ಅದೇ. ದೆಹಲಿಯಿಂದ ಬರೆದ ಇತಿಹಾಸಕ್ಕೆ ಈ ನೆಲೆಗಟ್ಟು ಇನ್ನಷ್ಟು ಹತ್ತಿರದಿಂದ ಕಾಣಬೇಕಿತ್ತು. ಗದ್ಯವೂ ಭಾರ, ಆಸಕ್ತಿಯುಳ್ಳ ಓದುಗರು ಕೂಡ ದಿನಕ್ಕೊಂದು ಅಧ್ಯಾಯದಂತೆ ಓದುವುದೇ ಒಳ್ಳೆಯದು.

ಅರುಂಧತಿ ರಾಯ್ ಅವರ ಪುಸ್ತಕವನ್ನು ಮಾತ್ರ ಹಾಗೆ ಅಳೆದು ಓದಲು ಸಾಧ್ಯವಾಗುವುದಿಲ್ಲ. ಮೂರರಲ್ಲಿ ಶ್ರೇಷ್ಠವಾದದ್ದು ಇದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. 2022ರ ಸೆಪ್ಟೆಂಬರ್ 1ರಂದು ತಾಯಿ ಮೇರಿ ರಾಯ್ ತೀರಿಕೊಂಡಾಗ, ತಾನು ಇಷ್ಟು ಕುಸಿದುಹೋಗುತ್ತೇನೆ ಎಂದು ಎಣಿಸಿರದ ಮಗಳು ಆ ಕುಸಿತದ ಕಾರಣವನ್ನು ಹುಡುಕುತ್ತ ಬರೆದ ಪುಸ್ತಕವಿದು. ಕುಡುಕ ಗಂಡನನ್ನು ಅಸ್ಸಾಮಿನ ಚಹಾ ತೋಟದಲ್ಲಿ ಬಿಟ್ಟು ಇಬ್ಬರು ಮಕ್ಕಳೊಡನೆ ಹೊರಟ ಮೇರಿ ರಾಯ್, ಊಟಿಯಲ್ಲಿದ್ದ ತಮ್ಮ ತಂದೆಯ ಮನೆಯಲ್ಲಿ ನೆಲೆ ನಿಲ್ಲುತ್ತಾರೆ. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿಲ್ಲ ಎಂದು ಸ್ವಂತ ತಾಯಿ ಮತ್ತು ಅಣ್ಣನೇ ಅವರನ್ನು ಅಲ್ಲಿಂದ ಹೊರಹಾಕಲು ಬರುತ್ತಾರೆ. ತಿರುವಾಂಕೂರಿನ ಆ ಕಾನೂನು ಊಟಿಗೆ ಅನ್ವಯಿಸುವುದಿಲ್ಲವೆಂದು ವಕೀಲರಿಂದ ತಿಳಿದು ಅವರು ಅಂದು ಉಳಿದುಕೊಂಡರು. ಅವಮಾನ ಮಾತ್ರ ಉಳಿಯಿತು. ಮುಂದೆ ಕೊಟ್ಟಾಯಂನಲ್ಲಿ 1967ರಲ್ಲಿ ಶಾಲೆಯೊಂದನ್ನು ಆರಂಭಿಸಿ, ಅದಕ್ಕೆ ವಾಸ್ತುಶಿಲ್ಪಿ ಲಾರಿ ಬೇಕರ್ ಅವರಿಂದ ಕಟ್ಟಡ ಕಟ್ಟಿಸಿ, 'ಪಳ್ಳಿಕ್ಕೂಡಂ' ಎಂದು ಪ್ರಸಿದ್ಧವಾಗುವಷ್ಟು ಅದನ್ನು ಬೆಳೆಸಿದರು. ಅದೇ ಕಾನೂನನ್ನು ಸುಪ್ರೀಂ ಕೋರ್ಟಿನವರೆಗೂ ಎಳೆದರು.

ಆ ತೀರ್ಪಿನ ಮಹತ್ವವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಸಲ್ಲುತ್ತಿದ್ದದ್ದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 1951ರ ಏಪ್ರಿಲ್ 1ರಿಂದಲೇ ಈ ಕಾಯ್ದೆ ಬಿದ್ದುಹೋಗಿತ್ತು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1986ರ ಫೆಬ್ರವರಿಯಲ್ಲಿ ಹೇಳಿತು. ಅಂದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಹೆಣ್ಣುಮಕ್ಕಳಿಗೆ ಇದ್ದ ಹಕ್ಕನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕರ್ನಾಟಕದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಸಿಗುವ ಕಾನೂನು 1994ರಲ್ಲೇ ಬಂದಿದೆ, ದೇಶದ ಕಾನೂನು ಬದಲಾಗುವ 11 ವರ್ಷಗಳ ಮೊದಲೇ. ಆದರೂ ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕುಳಿತ ಅಕ್ಕತಂಗಿಯರನ್ನು ನಾವು ಇಂದಿಗೂ ಕಾಣುತ್ತೇವೆ. ತವರಿನ ಬಾಗಿಲು ಮುಚ್ಚಬಾರದೆಂಬ ಒಂದೇ ಕಾರಣಕ್ಕೆ ಅವರು ಸಹಿ ಮಾಡುತ್ತಾರೆ. ತವರನ್ನೇ ನ್ಯಾಯಾಲಯಕ್ಕೆ ಎಳೆದ ಮೇರಿ ರಾಯ್ ಎಂಥ ಗಟ್ಟಿಗಿತ್ತಿ ಎಂಬುದು ಅಂಥ ಬೆಂಚನ್ನು ಕಂಡವರಿಗೆ ಹೆಚ್ಚು ಅರ್ಥವಾದೀತು.

ಇಂಥ ತಾಯಿಯ ಬಗ್ಗೆ ಮಗಳು ಗೌರವಗ್ರಂಥ ಬರೆಯಬಹುದಿತ್ತು. ರಾಯ್ ಬರೆದದ್ದು ಬೇರೆ. ಶಾಲೆಯ ಮಕ್ಕಳಂತೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಅವರನ್ನು 'ಮಿಸೆಸ್ ರಾಯ್' ಎಂದೇ ಕರೆಯಬೇಕಿತ್ತು. ಊರಿನ ಹೆಣ್ಣುಮಕ್ಕಳಿಗೆ ಧೈರ್ಯ ತುಂಬಿದ ಆ ಶಿಕ್ಷಕಿ ಮನೆಯೊಳಗೆ ಮಗನನ್ನೂ ಮಗಳನ್ನೂ ಮಾತಿನಿಂದ, ಕೈಯಿಂದ ಹೊಡೆದವರು. ತಾಯಿಗೆ ಉಬ್ಬಸ ಹತ್ತಿದಾಗಲೆಲ್ಲ ತಾನೇ ಅವರ ಶ್ವಾಸಕೋಶವಾಗಬೇಕು ಎಂದು ನಂಬಿ ಬೆಳೆದ ಮಗುವಿನ ಭಯ ಈ ಪುಟಗಳ ತುಂಬ ಇದೆ. ಪುಸ್ತಕದಲ್ಲಿ ನನ್ನನ್ನು ಅಲುಗಾಡಿಸಿದ ಪ್ರಸಂಗವೊಂದಿದೆ. ಅಂಕಪಟ್ಟಿ ಬಂದ ರಾತ್ರಿ, ಸಾಧಾರಣ ವಿದ್ಯಾರ್ಥಿ ಎನಿಸಿಕೊಂಡ ಅಣ್ಣನನ್ನು ತಾಯಿ ಪಕ್ಕದ ಕೋಣೆಯಲ್ಲಿ ಹೊಡೆಯುತ್ತಾರೆ. ಬೆಳಿಗ್ಗೆ ತಂಗಿಯನ್ನು ಜಾಣೆ ಎಂದು ಅಪ್ಪಿಕೊಳ್ಳುತ್ತಾರೆ. ಮುಂದೆ ಜೀವನದಲ್ಲಿ ತನಗೆ ಚಪ್ಪಾಳೆ ಬಿದ್ದಾಗಲೆಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಸದ್ದಿಲ್ಲದೆ ಏಟು ತಿನ್ನುತ್ತಿದ್ದಾರೆ ಎಂಬ ಭಾವನೆ ಬಿಟ್ಟುಹೋಗಲಿಲ್ಲ ಎಂದು ಲೇಖಕಿ ಹೇಳುತ್ತಾರೆ. 1997ರಲ್ಲಿ ಬುಕರ್ ಪ್ರಶಸ್ತಿ ಪಡೆದು, ದೇಶವೇ ಹೊಗಳುತ್ತಿದ್ದ ಹೊತ್ತಿನಲ್ಲಿ ಅವರು ನರ್ಮದಾ ಕಣಿವೆಯಲ್ಲಿ ಮುಳುಗುತ್ತಿದ್ದ ಹಳ್ಳಿಗಳ ಕಡೆಗೆ ಏಕೆ ಹೊರಳಿದರು, ನ್ಯಾಯಾಂಗ ನಿಂದನೆಗಾಗಿ 2002ರಲ್ಲಿ ಒಂದು ದಿನದ ಸೆರೆಯನ್ನೂ ಏಕೆ ಒಪ್ಪಿಕೊಂಡರು ಎಂಬ ಪ್ರಶ್ನೆಗಳಿಗೆ ಅವರ ಯಾವ ರಾಜಕೀಯ ಪ್ರಬಂಧವೂ ಕೊಡದ ಉತ್ತರವನ್ನು ಈ ಪ್ರಸಂಗ ಕೊಡುತ್ತದೆ. ಅವರ ನಿಲುವುಗಳನ್ನು ಒಪ್ಪದವರು ಸಹ ಅವು ಎಲ್ಲಿಂದ ಹುಟ್ಟಿದವು ಎಂಬುದನ್ನು ಇಲ್ಲಿ ಕಾಣಬಹುದು.

ತಾಯಿಯನ್ನು ಪ್ರೀತಿಸುವುದನ್ನು ಮುಂದುವರಿಸಲಿಕ್ಕಾಗಿಯೇ ಹದಿನೆಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಬಿಟ್ಟು ಹೋದೆ ಎನ್ನುವ ಮಗಳು, ತಾಯಿಯ ಕ್ರೌರ್ಯಕ್ಕೆ ಅವರ ಸಾಧನೆಯನ್ನು ಸಮಜಾಯಿಷಿಯಾಗಿ ಕೊಡುವುದಿಲ್ಲ. ಕ್ರೌರ್ಯದ ಕಾರಣಕ್ಕೆ ಸಾಧನೆಯನ್ನು ಕುಗ್ಗಿಸುವುದೂ ಇಲ್ಲ. ಎರಡನ್ನೂ ಪೂರ್ತಿ ಗಾತ್ರದಲ್ಲಿ ಎದುರಿಗಿಡುತ್ತಾರೆ. ದೊಡ್ಡವರ ಬಗ್ಗೆ ಬರೆಯುವಾಗ ನಮ್ಮಲ್ಲಿ ಬಹುತೇಕರು ಅಭಿನಂದನ ಗ್ರಂಥದ ಧಾಟಿಗೆ ಜಾರುತ್ತೇವೆ. ಅಷ್ಟು ಹತ್ತಿರದವರನ್ನು ಅಷ್ಟು ನೇರವಾಗಿ ನೋಡಿದ ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಪುಸ್ತಕದ ಕೊನೆಯ ಮೂರನೆಯ ಒಂದು ಭಾಗ ಮಾತ್ರ ಸ್ವಲ್ಪ ತೆಳುವಾಗಿದೆ. ನರ್ಮದಾ, ಕಾಶ್ಮೀರ, ದಂಡಕಾರಣ್ಯದ ಪ್ರಯಾಣಗಳನ್ನು ಅವರ ಪ್ರಬಂಧಗಳಲ್ಲಿ ಓದಿದವರಿಗೆ ಇಲ್ಲಿ ಸಿಗುವುದು ಅವುಗಳ ಸಾರಾಂಶ, ಮತ್ತು ತಾಯಿ ಆ ಪುಟಗಳಿಂದ ದೂರ ಸರಿದಾಗಲೆಲ್ಲ ಬರವಣಿಗೆಯ ಬಿಗಿ ಸಡಿಲವಾಗುತ್ತದೆ. ಇನ್ನೊಂದು ಮಾತು: ಇಡೀ ನೋಟ ಮಗಳದು. ಆ ಶಾಲೆಯಲ್ಲಿ ಕಲಿತು ಹೊರಬಂದ ನೂರಾರು ಹೆಣ್ಣುಮಕ್ಕಳ ಮಿಸೆಸ್ ರಾಯ್ ಬೇರೆಯೇ ಇದ್ದಿರಬಹುದು. ನೆನಪಿನ ಬರವಣಿಗೆಗೆ ಇದು ದೋಷವಲ್ಲ, ಆದರೆ ರಾಘವನ್ ಅವರ ಪುಸ್ತಕದಲ್ಲಿ ದಾಖಲೆಗೆ ದಾಖಲೆಯನ್ನು ಎದುರಿಟ್ಟು ನೋಡಿ ಬಂದ ಓದುಗರಿಗೆ ಇಲ್ಲಿ ಎರಡನೆಯ ಸಾಕ್ಷಿಯ ಅಭಾವ ತಟ್ಟುತ್ತದೆ.

ಸ್ಯಾಮ್ ಡಾಲ್ರಿಂಪಲ್ ಅವರ ಪುಸ್ತಕದಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ದೇಶವಿಭಜನೆಯಲ್ಲಿ ಊರು ಬಿಟ್ಟವರನ್ನು ಅವರ ಹುಟ್ಟೂರಿನ ದೃಶ್ಯಗಳೊಡನೆ ಮತ್ತೆ ಬೆಸೆಯುವ 'ಪ್ರಾಜೆಕ್ಟ್ ದಾಸ್ತಾನ್' ಎಂಬ ಯೋಜನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು, ಆ ಅನುಭವದ ಬಲದಿಂದಲೇ ಹಲವು ದೇಶಗಳ ಹಿರಿಯರ ಮಾತುಗಳನ್ನು ಇಲ್ಲಿ ತಂದಿದ್ದಾರೆ. 1920ರ ದಶಕದ ಕೊನೆಯಲ್ಲಿ ಯೆಮನ್ ಕಡೆಯ ಬಂದರು ಏಡನ್‌ನಿಂದ ಬರ್ಮಾದವರೆಗೆ ಹರಡಿದ್ದ ಭಾರತ ಸಾಮ್ರಾಜ್ಯ ಐದು ವಿಭಜನೆಗಳಲ್ಲಿ ಚೂರಾಯಿತು ಎಂಬುದು ಅವರ ಪ್ರತಿಪಾದನೆ: 1937ರ ಏಪ್ರಿಲ್ 1ರಂದು ಬೇರೆಯಾದ ಬರ್ಮಾ, ಏಡನ್ ಮತ್ತು ಕೊಲ್ಲಿಯ ಅರಬ್ ಪ್ರದೇಶಗಳು, 1947ರ ದೇಶವಿಭಜನೆ, ಸಂಸ್ಥಾನಗಳ ವಿಲೀನ, ಮತ್ತು 1971ರ ಬಾಂಗ್ಲಾದೇಶ.

ಬರ್ಮಾದ ಭಾಗವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. 1931ರಲ್ಲಿ ರಂಗೂನಿನ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಭಾರತೀಯರಿದ್ದರು; ಹನ್ನೊಂದು ವರ್ಷಗಳ ಬಳಿಕ, ಜಪಾನಿನ ಸೇನೆ ಬಂದಾಗ, ಲಕ್ಷಗಟ್ಟಲೆ ಜನ ಕಾಡು ಬೆಟ್ಟಗಳ ದಾರಿಯಲ್ಲಿ ಅಸ್ಸಾಮಿನ ಕಡೆಗೆ ನಡೆದರು, ಸಾವಿರಾರು ಮಂದಿ ದಾರಿಯಲ್ಲೇ ಸತ್ತರು. 1947ರ ನೆರಳಿನಲ್ಲಿ ನಾವು ಮರೆತೇಬಿಟ್ಟ ಈ ನಡಿಗೆಯನ್ನು ಮತ್ತೆ ಮುನ್ನೆಲೆಗೆ ತಂದದ್ದಕ್ಕೆ ಲೇಖಕರಿಗೆ ಕೃತಜ್ಞರಾಗಿರಬೇಕು. ಕೊಲ್ಲಿಯ ಅಧ್ಯಾಯಗಳು ಭಟ್ಕಳ, ಉಡುಪಿ, ಮಂಗಳೂರಿನ ಓದುಗರಿಗೆ ವಿಶೇಷ ಕುತೂಹಲ ಹುಟ್ಟಿಸುತ್ತವೆ, ಏಕೆಂದರೆ ಅಲ್ಲಿ 1960ರ ದಶಕದವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತು. ಆದರೆ ಆಡಳಿತದ ಕೊಂಡಿ 1947ರ ಏಪ್ರಿಲಿನಲ್ಲಿ ತಪ್ಪದಿದ್ದರೆ ದುಬೈ ಭಾರತ ಅಥವಾ ಪಾಕಿಸ್ತಾನಕ್ಕೆ ಸೇರಬಹುದಾಗಿತ್ತು ಎಂಬ ಧ್ವನಿ ನನಗೆ ಅತಿಯೆನಿಸಿತು. ಒಪ್ಪಂದದ ಮೂಲಕ ಬ್ರಿಟಿಷರ ರಕ್ಷಣೆ ಪಡೆದಿದ್ದ ಶೇಖ್‌ಗಳ ಸ್ಥಾನವೇ ಬೇರೆ, ಹೈದರಾಬಾದಿನ ನಿಜಾಮರ ಸ್ಥಾನವೇ ಬೇರೆ. ಕಥೆಯ ಓಟಕ್ಕಾಗಿ ಲೇಖಕರು ಈ ವ್ಯತ್ಯಾಸವನ್ನು ಬೇಗನೆ ದಾಟಿಬಿಡುತ್ತಾರೆ. ಒಂದೇ ಅಧ್ಯಾಯದಲ್ಲಿ ಹಲವು ಊರುಗಳು, ಹಲವು ವ್ಯಕ್ತಿಗಳು ಬಂದುಹೋಗುವುದರಿಂದ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಓದುವುದು ಕಷ್ಟ.

ಸಂಸ್ಥಾನಗಳ ಭಾಗವನ್ನು ಕಲ್ಯಾಣ ಕರ್ನಾಟಕದವರು ಬೇರೆಯೇ ಕಣ್ಣಿನಿಂದ ಓದುತ್ತಾರೆ. ಹೈದರಾಬಾದಿನ ಆಸ್ಥಾನಕ್ಕೂ ಯೆಮನ್ ಕಡೆಯ ಹದ್ರಮೌತ್‌ಗೂ ಇದ್ದ ನಂಟು, ನಿಜಾಮರ ಪಡೆಯಲ್ಲಿದ್ದ ಅರಬ್ ಜಮಾದಾರರು, 1948ರ ಬಳಿಕ ಅವರಿಗೆ ಒದಗಿದ ಗತಿ, ಇವು ಭಾರತದ ಸಾಮಾನ್ಯ ಇತಿಹಾಸ ಪುಸ್ತಕಗಳಲ್ಲಿ ಸಿಗುವ ಸಂಗತಿಗಳಲ್ಲ. ಆದರೆ ಇದೇ ವಿಷಯ ನಮ್ಮ ಕಡೆ ಬೀದರ, ಕಲಬುರಗಿ, ರಾಯಚೂರಿನ ಹಳ್ಳಿಗಳ ಸಂಕಟವೂ ಹೌದು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಬೀದರ ಜಿಲ್ಲೆ ಇಂದಿಗೂ ನೆನೆಯುತ್ತದೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಲು ಸೇನೆ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆಸಿದ 'ಪೊಲೀಸ್ ಕಾರ್ಯಾಚರಣೆ'ಯ ಬಳಿಕ ಅದೇ ನೆಲದಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಮಾತ್ರ ಬಹುಕಾಲ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನೆಹರೂ ಅವರೇ ಕಳುಹಿಸಿದ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜು ಮಾಡಿತ್ತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ ಮತ್ತು ಕಲಬುರಗಿ ಸೇರಿದ್ದವು. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ಎರಡೂ ನೋವುಗಳನ್ನು ಒಂದೇ ಪುಟದಲ್ಲಿ, ಒಂದನ್ನು ಮತ್ತೊಂದರ ಮರೆಯಲ್ಲಿ ಅಡಗಿಸದೆ ಬರೆಯಲು ಬೇಕಾದ ನ್ಯಾಯಬುದ್ಧಿ ಡಾಲ್ರಿಂಪಲ್ ಅವರಿಗಿದೆ. ಆದರೆ ಅವರ ಬರವಣಿಗೆಯ ಒಲವು ಅರಮನೆ, ರಾಜಧಾನಿ, ವಿಮಾನ ನಿಲ್ದಾಣಗಳ ಕಡೆಗೆ. ಹುಮನಾಬಾದ್ ಅಥವಾ ಬಸವಕಲ್ಯಾಣದ ರೈತನೊಬ್ಬನ ಕನ್ನಡದ ಅಥವಾ ದಖನಿಯ ಮಾತು ಆ ಸಾಕ್ಷಿಗಳ ನಡುವೆ ಇನ್ನಷ್ಟು ಸ್ಪಷ್ಟವಾಗಿ ಕೇಳಬೇಕಿತ್ತು.

ಕೊಳ್ಳುವವರಿಗೆ ಒಂದು ಸಲಹೆ ಕೊಡುವುದಾದರೆ, ರಾಯ್ ಅವರ ಪುಸ್ತಕದಿಂದ ಆರಂಭಿಸಿ. ಇತಿಹಾಸದ ಯಾವ ತಯಾರಿಯೂ ಅದಕ್ಕೆ ಬೇಡ. ಅದರ ಬೆನ್ನಿಗೆ ಡಾಲ್ರಿಂಪಲ್ ಅವರ ಬರ್ಮಾ ಮತ್ತು ಹೈದರಾಬಾದ್ ಭಾಗಗಳನ್ನು ಮೊದಲು ಓದಿ, ಉಳಿದದ್ದನ್ನು ಬಿಡುವಾದಾಗ ಓದಬಹುದು. ರಾಘವನ್ ಅವರ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಂಡು, 1969, 1973, 1975 ಎಂಬ ಇಸವಿಗಳು ಚರ್ಚೆಗೆ ಬಂದಾಗಲೆಲ್ಲ ಆ ಅಧ್ಯಾಯವನ್ನು ತೆರೆದು ನೋಡುವುದು ಒಳ್ಳೆಯದು. ನಾನಂತೂ ಅದನ್ನು ಹಾಗೆಯೇ ಬಳಸುತ್ತಿದ್ದೇನೆ.